ಗೌಡರ ಕಾಂಪೌಂಡಿಗೆ ಒರಗಿದ ಕರಿಕಲ್ಲು ಬೆಂಚು

ನನಗೆ ಕುಡಿಯುವ ಚಟವಿಲ್ಲ, ಇಸ್ಪೀಟಿನ ಚಟವೂ ಇಲ್ಲ. ಸಭೆಯಲ್ಲಿ ಎದ್ದು ನಿಂತು ಸಲಹೆ ಕೊಡುವ ಚಟ ಮಾತ್ರ ಒಂದಿದೆ. ಅದು ಉಳಿದೆರಡಕ್ಕಿಂತ ಮನೆಹಾಳು ಎನ್ನುವುದು ನನ್ನ ಹೆಂಡತಿ ಸುಜಾತಳ ಅಭಿಪ್ರಾಯ. ಕುಡಿದವನು ರಾತ್ರಿ ಆಡಿದ್ದನ್ನು ಬೆಳಿಗ್ಗೆ ಮರೆಯಬಹುದು, ಸಲಹೆ ಕೊಟ್ಟವನಿಗೆ ಆ ಸೌಲಭ್ಯವಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ, ಆ ಕೆಲಸವನ್ನು ಸಲಹೆಗಾರನ ಕೊರಳಿಗೇ ಕಟ್ಟಿ, ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತಾರೆ. ಸುಜಾತ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ನಾನು ಯಾವುದಾದರೂ ಸಭೆಗೆ ಹೊರಟರೆ ತನ್ನ ಕ್ಲಾಸಿನ ಮಕ್ಕಳನ್ನು ನೋಡುವ ಹಾಗೇ ನೋಡಿ, "ಹೋದ ಕಡೆ ಬಾಯಿ ಮುಚ್ಕೊಂಡು ಕೂತಿರಿ" ಎನ್ನುತ್ತಾಳೆ. ಕೂತಿರುತ್ತೇನೆ. ಆದರೆ ಅಧ್ಯಕ್ಷರಾದವರು "ಇನ್ನೇನಾದರೂ ವಿಷಯ ಇದೆಯಾ" ಎಂದು ಕೇಳಿಬಿಟ್ಟರೆ ನನ್ನ ಮೊಣಕಾಲುಗಳು ನನ್ನ ಅಪ್ಪಣೆಗೂ ಕಾಯದೆ ಎದ್ದುಬಿಡುತ್ತವೆ. ನಮ್ಮ ಬಡಾವಣೆಯ ಬೆಂಚಿನ ಪ್ರಸಂಗ ಶುರುವಾದದ್ದು ಹಾಗೆಯೇ.

ನಮ್ಮ ಬಡಾವಣೆ ಇರುವುದು ಬೇಲೂರಿನ ಹೊರಗೆ, ಹಗರೆ ಕಡೆ ಹೋಗುವ ರಸ್ತೆಯ ಪಕ್ಕದ ಏರಿನಲ್ಲಿ. ಬಸ್ಸು ಕೆಳಗೆ ರಸ್ತೆಯಲ್ಲೇ ನಿಲ್ಲುತ್ತದೆ. ನಮ್ಮ ಮನೆ ಏರಿನ ತುದಿಯಲ್ಲಿದೆ. ನಕ್ಷೆಯಲ್ಲಿ ಎಲ್ಲವೂ ಇದೆ: ಅಗಲವಾದ ರಸ್ತೆ, ಎರಡೂ ಬದಿಗೆ ಫುಟ್‌ಪಾತು, ಹಸಿರು ಬಣ್ಣ ಬಳಿದ ಪಾರ್ಕು. ನೆಲದ ಮೇಲೆ ನೋಡಿದರೆ ಪಾರ್ಕಿನಲ್ಲಿ ಲಂಟಾನ ಬೆಳೆದಿದೆ, ಫುಟ್‌ಪಾತನ್ನು ನಾವು ನಾವೇ ಅಣ್ಣತಮ್ಮಂದಿರ ಹಾಗೆ ಭಾಗ ಮಾಡಿಕೊಂಡಿದ್ದೇವೆ. ಒಬ್ಬರು ಅಲ್ಲಿ ಕಾರು ಹತ್ತಿಸಲು ಇಳಿಜಾರು ಕಟ್ಟಿಸಿದ್ದಾರೆ, ಇನ್ನೊಬ್ಬರು ಕಬ್ಬಿಣದ ಬಲೆ ಹಾಕಿ ದಾಸವಾಳ ಬೆಳೆದಿದ್ದಾರೆ, ಮತ್ತೊಬ್ಬರ ನೀರಿನ ಸಂಪು ಅಲ್ಲೇ ಬಾಯಿ ಬಿಟ್ಟುಕೊಂಡಿದೆ. ನಮ್ಮ ಮನೆಯ ಮುಂದೆ ಸುಜಾತಳ ಕರಿಬೇವಿನ ಗಿಡ ಇದೆ, ಅದನ್ನು ನಾನು ಸಭೆಗಳಲ್ಲಿ ಪ್ರಸ್ತಾಪಿಸುವುದಿಲ್ಲ. ಮಿಕ್ಕಂತೆ ಎರಡೂ ಕಡೆ ಎದೆಮಟ್ಟದ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು. ಬಸ್ಸಿಳಿದು ಮನೆ ಸೇರುವವರೆಗೆ ಮನುಷ್ಯಮಾತ್ರನಾದವನು ಕುಂಡೆ ಊರಲು ಒಂದು ಗೇಣು ಜಾಗವಿಲ್ಲ.

ನಿಜ ಹೇಳಬೇಕೆಂದರೆ, ಈ ಬಡಾವಣೆಗೆ ಬಂದ ಹೊಸತರಲ್ಲಿ ನನಗೆ ಇದೇ ಖುಷಿ ಕೊಟ್ಟಿತ್ತು. ಹಗರೆಯಿಂದ ಆಚೆಗಿರುವ ನಮ್ಮ ಊರಿನಲ್ಲಿ ದೊಡ್ಡ ಬೀದಿಯ ಪ್ರತಿ ಮನೆಗೂ ಜಗಲಿ ಇತ್ತು. ಗಾರೆ ಹಾಕಿ ನುಣ್ಣಗೆ ಮಾಡಿದ, ನೋಡಿದರೆ ಕೈಯಾಡಿಸಬೇಕು ಎನ್ನಿಸುವ ಜಗಲಿಗಳು. ಅವು ನಮ್ಮ ಕೇರಿಯವರಿಗಲ್ಲ. ಕೂಲಿ ಮಾತಾಡಲು ಹೋದ ಅಪ್ಪ ಜಗಲಿಯ ಕೆಳಗೆ ನಿಲ್ಲುತ್ತಿದ್ದ, ಅವ್ವ ಅವನಿಗಿಂತ ಒಂದು ಹೆಜ್ಜೆ ಹಿಂದೆ, ಅವ್ವನ ಸೆರಗು ಹಿಡಿದು ನಾನು. ಜಗಲಿ ಮೇಲೆ ಕೂತ ನಮ್ಮವರನ್ನು ಬೈದು ಎಬ್ಬಿಸಿದ್ದನ್ನು ನಾನು ಕಂಡಿಲ್ಲ. ಬೈಸಿಕೊಳ್ಳುವ ಹಾಗೆ ನಮ್ಮವರು ಯಾರೂ ಕೂರುತ್ತಲೇ ಇರಲಿಲ್ಲ. ಆಮೇಲೆ ಅಪ್ಪ ಬೌದ್ಧನಾದ, ನಮ್ಮ ಮನೆಯ ಗೋಡೆಗೆ ಬುದ್ಧನ ಪಟ ಬಂತು, ನಾನು ಓದಿ ಹಳೇಬೀಡಿನಲ್ಲಿ ಬ್ಯಾಂಕಿನ ಕೆಲಸ ಹಿಡಿದೆ. ಬೇಲೂರಿನ ಈ ಕಾಂಪೌಂಡುಗಳನ್ನು ನೋಡಿ, ಪರವಾಗಿಲ್ಲ, ಇಲ್ಲಿ ಸಮಾನತೆ ಇದೆ, ಕೂರಲು ಯಾರಿಗೂ ಜಾಗವಿಲ್ಲ ಎಂದುಕೊಂಡೆ. ಅವ್ವನ ಮೊಣಕಾಲು ಹಿಡಿದುಕೊಳ್ಳುವವರೆಗೂ ಈ ಸಿದ್ಧಾಂತ ಚೆನ್ನಾಗಿಯೇ ನಡೆಯಿತು.

ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ. ಮನೆ ಬಾಗಿಲಿಗೆ ಬರುವ ವ್ಯಾನಿನ ಸೊಪ್ಪು ಅವಳ ಲೆಕ್ಕದಲ್ಲಿ ಸೊಪ್ಪೇ ಅಲ್ಲ. ದಿನಾ ಏರು ಇಳಿದು, ಬಸ್ಸು ಹಿಡಿದು ಪೇಟೆಗೆ ಹೋಗಿ, ಪ್ರತಿ ಕಂತೆಯನ್ನೂ ಬಿಚ್ಚಿ ನೋಡಿ, ಮಾರುವವಳ ಮನೆಯ ಕಷ್ಟಸುಖ ಕೇಳಿ, ತನ್ನದೂ ಹೇಳಿ ಬಂದರೇ ಅವಳಿಗೆ ಊಟ ರುಚಿಸುವುದು. ಮೊಣಕಾಲಿನ ಡಾಕ್ಟರು, "ನಡೀತಾ ಇರಿ ಅಜ್ಜಿ, ನಿಲ್ಲಿಸಿದ್ರೆ ಕಾಲು ಪೂರ್ತಿ ಕಚ್ಕೊಂಡುಬಿಡುತ್ತೆ, ಆದ್ರೆ ನಡುವೆ ಕೂತು ಸುಧಾರಿಸ್ಕೊಂಡು ನಡೀರಿ" ಎಂದಿದ್ದರು. ಎಲ್ಲಿ ಕೂರಬೇಕು ಎಂದು ಅವರು ಬರೆದುಕೊಡಲಿಲ್ಲ. ಅವ್ವ ಬರುವಾಗ ಮೊದಲು ಕರೆಂಟು ಕಂಬ ಹಿಡಿದು ನಿಲ್ಲುತ್ತಿದ್ದಳು, ಆಮೇಲೆ ಟ್ರಾನ್ಸ್‌ಫಾರ್ಮರಿನ ಬೇಲಿ ಹಿಡಿದು ನಿಲ್ಲುತ್ತಿದ್ದಳು. ಅದರ ಮೇಲೆ ತಲೆಬುರುಡೆಯ ಚಿತ್ರ ಇದೆ ಎಂದರೆ, "ಅದು ನನ್ನೇನ್ ಮಾಡ್ತದೆ ಬುಡ್ಲಾ" ಎನ್ನುತ್ತಿದ್ದಳು. ಸ್ಕೂಟರಿನಲ್ಲಿ ಕರೆದೊಯ್ಯುತ್ತೇನೆ ಎಂದೆ. "ರಾಗಿ ಮೂಟೆ ಹೇರ್ಕಂಡ್ ಹೋದಂಗೆ ನನ್ ಹೇರ್ಕಂಡ್ ಹೋಗ್ಬೇಡ" ಎಂದಳು. ಕ್ರಮೇಣ ಪೇಟೆಗೆ ಹೋಗುವ ದಿನಗಳು ಕಡಿಮೆಯಾದವು. ಒಂದು ದಿನ ಗೇಟಿಗೆ ಬಂದ ವ್ಯಾನಿನಲ್ಲಿ ಅವಳು ದಂಟಿನ ಸೊಪ್ಪು ತೆಗೆದುಕೊಂಡಿದ್ದನ್ನು ನೋಡಿದೆ. ಕಂತೆ ಬಿಚ್ಚಿಯೂ ನೋಡಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಬೆಂಚುಗಳ ಬಗ್ಗೆ ನನಗೆ ಮೊದಲಿಂದಲೂ ಗೌರವವಿದೆ. ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ ನಾನು ಜೀವನದಲ್ಲಿ ಮೊದಲ ಸಲ ಕೂತದ್ದು ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ. ಆಗ ನಾನು ಅಲ್ಲಿಯ ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದುತ್ತಿದ್ದೆ. ಓದಲು ಗಲಾಟೆಯಿಲ್ಲದ ಜಾಗ ಬೇಕೆಂದು ಸ್ಟೇಷನ್ನಿಗೆ ಹೋಗುತ್ತಿದ್ದೆ, ರೈಲ್ವೆ ಸ್ಟೇಷನ್ನಿನಲ್ಲಿ ಗಲಾಟೆಯಿರುವುದಿಲ್ಲ ಎಂದು ನಂಬುವಷ್ಟು ಜೋರಿತ್ತು ನಮ್ಮ ಹಾಸ್ಟೆಲ್ಲು. ಪಕ್ಕದಲ್ಲಿ ತೆಂಗಿನಕಾಯಿ ವ್ಯಾಪಾರದವರು, ಜುಟ್ಟಿನ ಪುರೋಹಿತರು, ಬುರ್ಖಾದ ಹೆಂಗಸರು ಬಂದು ಕೂರುತ್ತಿದ್ದರು, "ಸ್ವಲ್ಪ ಸರ್ಕೊಳ್ಳಪ್ಪ" ಎನ್ನುತ್ತಿದ್ದರು. ಸರಿದುಕೊಳ್ಳುತ್ತಿದ್ದೆ. ನೀನು ಯಾರು, ಯಾವ ಊರು, ಯಾವ ಬೀದಿ ಎಂದು ಕೇಳುವಷ್ಟರಲ್ಲಿ ಅವರ ರೈಲು ಬರುತ್ತಿತ್ತು. ಈಗ ಹಳೇಬೀಡಿನ ಬ್ಯಾಂಕಿನಲ್ಲೂ ಊಟದ ಬಿಡುವಿನಲ್ಲಿ ಗುಡಿಯ ಕಡೆ ಹೋಗಿ, ಮಂಟಪದ ಕಲ್ಲುಜಗಲಿಯ ಮೇಲೆ ದಣಿದ ಪ್ರವಾಸಿಗಳು ಚಪ್ಪಲಿ ಮರೆತು ಕೂತಿರುವುದನ್ನು ನೋಡುತ್ತೇನೆ. ಶಿಲ್ಪದ ಬಗ್ಗೆ ಗೈಡು ಹೇಳುವುದನ್ನು ಅವರು ಕೇಳುವುದಿಲ್ಲ. ಕಾಲಿಗೆ ಸಿಕ್ಕ ಆರಾಮ ಅವರ ಮುಖದ ಮೇಲೆ ಕಾಣುತ್ತದೆ.

ಹೀಗಾಗಿ ಬಡಾವಣೆಯ ಸಂಘದ ಸಭೆಯಲ್ಲಿ ನನ್ನ ಮೊಣಕಾಲುಗಳು ಎದ್ದು ನಿಂತಾಗ ಈ ಸಲ ನಾನೂ ಅವುಗಳ ಜೊತೆಗಿದ್ದೆ. ಊರು ಎಂದರೆ ಮನೆಗಳಲ್ಲ, ಮನೆಗಳ ನಡುವಿನ ಜಾಗ ಎಂದೆ. ಕಾರಿಗೆ ರಸ್ತೆ ಮಾಡಿದ್ದೇವೆ, ಕಾಲಿಗೆ ಏನು ಮಾಡಿದ್ದೇವೆ ಎಂದೆ. ನಡೆಯುವವರಿಗೆ ಏರಿನ ಮಧ್ಯೆ ಒಂದು ಬೆಂಚು ಬೇಕು ಎಂದು ಮುಗಿಸಿದೆ. ಚಪ್ಪಾಳೆ ಜೋರಾಗಿ ಬಿತ್ತು. ಯಾರ ಮನೆಯ ಮುಂದೆ ಹಾಕೋಣ ಎಂದು ಕೇಳಿದ ಕೂಡಲೇ ಚಪ್ಪಾಳೆ ತಟ್ಟಿದ ಕೈಗಳೆಲ್ಲ ಮಡಿಲು ಸೇರಿದವು. ಒಬ್ಬರು, "ಒಳ್ಳೇ ಯೋಚನೆ ಸಾರ್, ಆದ್ರೆ ನಮ್ಮನೆ ಮುಂದೆ ಬೇಡ, ಪಡ್ಡೆ ಹುಡುಗ್ರು ಬಂದು ಕೂತ್ಕತಾರೆ" ಎಂದರು. ಇನ್ನೊಬ್ಬರು, "ವಾಸ್ತು ಪ್ರಕಾರ ನಮ್ಮನೆ ಮುಂದೆ ಭಾರ ಇಡಂಗಿಲ್ಲ" ಎಂದರು. "ಯಾರ್ಯಾರೋ ಕೂತ್ಕತಾರೆ, ಬೇಡ" ಎಂದು ಹಿಂದಿನಿಂದ ಒಬ್ಬರು ಹೇಳಿದರು. ಆ ಯಾರ್ಯಾರೋ ಯಾರು ಎಂದು ನಾನು ತಿರುಗಿ ನೋಡಲಿಲ್ಲ. ಕೊನೆಗೆ ಏರಿನ ನಟ್ಟನಡುವಿನ ಮನೆಯ ಗೌಡರು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಮೆಲ್ಲಗೆ ಕೆಮ್ಮಿ, "ನಮ್ ಕಾಂಪೌಂಡಿಗೆ ಒರಗ್ಸಿ ಹಾಕ್ಸಿ" ಎಂದರು. "ನಂಗೂ ಬೇಕು. ಮನೇಲಿ ಸೋಫಾ ಐತೆ, ಕೂತ್ರೆ ಮುಳುಗೋಯ್ತೀನಿ, ಎದ್ದೇಳಕ್ಕೆ ಒಬ್ರು ಕೈ ಕೊಡ್ಬೇಕು."

ಬೆಂಚಿನ ವಿನ್ಯಾಸವೆಲ್ಲ ನನ್ನದೇ. ಸಿಮೆಂಟಿನದು ಬೇಡ, ಚಂದವಿರುವುದಿಲ್ಲ ಎಂದು ಪಾಲಿಶು ಮಾಡಿದ ಕರಿಕಲ್ಲನ್ನು ಆರಿಸಿದೆ. ಕಾಂಪೌಂಡಿನ ಪಶ್ಚಿಮದ ಗೋಡೆಗೆ ಒರಗಿಸಿ, ಪಶ್ಚಿಮಕ್ಕೇ ಮುಖ ಮಾಡಿ ಕೂರಿಸಬೇಕು, ಕೂತವರಿಗೆ ದೂರದ ಕೆರೆಯೂ ಸೂರ್ಯಾಸ್ತವೂ ಒಟ್ಟಿಗೆ ಕಾಣಬೇಕು ಎಂದೆ. ಕಲ್ಲು ಕೂರಿಸಲು ಬಂದವರು, "ಈ ಕಡೆ ಮುಖ ಮಾಡದಾ ಸಾರ್" ಎಂದು ಎರಡೆರಡು ಸಲ ಕೇಳಿದರು. ಸೌಂದರ್ಯದೃಷ್ಟಿ ಎಲ್ಲರಿಗೂ ಇರುವುದಿಲ್ಲ ಎಂದುಕೊಂಡು, ಹೌದು ಎಂದೆ. ಬೆಂಚು ಕೂತ ದಿನ ಅದನ್ನು ಎಲ್ಲ ಕೋನಗಳಿಂದಲೂ ಮೊಬೈಲಿನಲ್ಲಿ ಫೋಟೋ ಹಿಡಿದು ಬಡಾವಣೆಯ ಗ್ರೂಪಿಗೆ ಹಾಕಿದೆ. ಅವ್ವನಿಗೂ ತೋರಿಸಿ, "ಇನ್ಮೇಲೆ ಇಲ್ಲಿ ಕೂತು ಸುಧಾರಿಸ್ಕೊಂಡು ಬಾ" ಎಂದೆ. ಅವಳು ಕಣ್ಣು ಕಿರಿದು ಮಾಡಿ ಚಿತ್ರ ನೋಡಿ, "ಚೆನ್ನಾಗೈತೆ. ಯಾರ್ ಮನೆ ಮುಂದೆ ಅದು" ಎಂದು ಕೇಳಿದಳು. ಹೇಳಿದೆ. ಅವಳು ಮೊಬೈಲನ್ನು ನನ್ನ ಕೈಗೆ ವಾಪಸು ಕೊಟ್ಟಳು.

ಮಾರನೆಯ ವಾರ ಸಂಜೆ ಬ್ಯಾಂಕಿನಿಂದ ಬರುವಾಗ ಗೌಡರು ಬೆಂಚಿಗೆ ಬಂದು ಕೂರುವುದನ್ನು ಕಂಡೆ. ಬಿಳಿ ಪಂಚೆ, ಬಿಳಿ ಜುಬ್ಬ, ಕಂಕುಳಲ್ಲಿ ನ್ಯೂಸ್‌ಪೇಪರು. ಓದಲು ತಂದಿದ್ದಾರೆ ಎಂದುಕೊಂಡೆ. ಅವರು ಅದನ್ನು ಬಿಡಿಸಿ, ಕಲ್ಲಿನ ಮೇಲೆ ನಾಲ್ಕು ಮಡಿಕೆಯಾಗಿ ಹಾಸಿ, ಅದರ ಮೇಲೆ ಕೂತರು. ನನ್ನ ಸ್ಕೂಟರು ಗಕ್ಕನೆ ನಿಂತಿತು, ಅಥವಾ ನಾನು ನಿಲ್ಲಿಸಿದೆನೋ. ಮಾರನೆಯ ಸಂಜೆಯೂ ಪೇಪರು, ಅದರ ಮಾರನೆಯ ಸಂಜೆಯೂ ಪೇಪರು. ನಮ್ಮಂಥವರಿಗೆ ಇಂಥ ವಿಷಯದಲ್ಲಿ ಕಣ್ಣು ಬಹಳ ಚುರುಕು. ಚಿಕ್ಕಂದಿನಿಂದ ಲೋಟ ಎಲ್ಲಿಟ್ಟರು, ನೀರು ಎಷ್ಟೆತ್ತರದಿಂದ ಹೊಯ್ದರು ಎಂದು ನೋಡಿ ನೋಡಿ ಬಂದ ಚುರುಕು ಅದು. ಬೆಂಚು ಎಲ್ಲರದು, ಎಲ್ಲರೂ ಕೂರಬಹುದು, ನಾವೂ ಕೂರಬಹುದು. ಅದಕ್ಕೇ ಪೇಪರು ಎಂದು ನನ್ನ ಮನಸ್ಸು ಹೇಳಿತು.

ಧೂಳಿಗೆ ಇರಬಹುದೇನೋ ಎಂದು ಗೌಡರಿಗೆ ಒಂದು ಅವಕಾಶ ಕೊಡೋಣವೆನ್ನಿಸಿತು. ಬೆಳಿಗ್ಗೆ ವಾಕಿಂಗಿನ ನೆಪದಲ್ಲಿ ಒದ್ದೆ ಬಟ್ಟೆ ಒಯ್ದು, ಯಾರೂ ಇಲ್ಲದಾಗ ಬೆಂಚನ್ನು ಒರೆಸಿದೆ. ಕಲ್ಲು ತಣ್ಣಗೆ ಹಿತವಾಗಿತ್ತು, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಸಂಜೆಯ ಹೊತ್ತಿಗೆ ಮತ್ತೆ ಪೇಪರು. ದಿನವೂ ಒರೆಸಿದೆ, ದಿನವೂ ಪೇಪರು. ಬ್ಯಾಂಕಿನ ಮ್ಯಾನೇಜರ ಮೇಜನ್ನೂ ಯಾರೂ ಅಷ್ಟು ಭಕ್ತಿಯಿಂದ ಒರೆಸುವುದಿಲ್ಲ. ಸುಜಾತ ಒಂದು ದಿನ ನನ್ನನ್ನು ಬಟ್ಟೆಯ ಸಮೇತ ಹಿಡಿದಳು. ಎಲ್ಲ ಹೇಳಿದೆ. ಅವಳು ನಗಲಿಲ್ಲ. "ನೇರವಾಗಿ ಕೇಳಿಬಿಡಿ. ಹೌದು ಅಂದ್ರೆ ಗೊತ್ತಾಗುತ್ತೆ, ಅಲ್ಲ ಅಂದ್ರೂ ಗೊತ್ತಾಗುತ್ತೆ" ಎಂದಳು. ಹಾಗೆಲ್ಲ ಕೇಳುವುದು ಚೆನ್ನಾಗಿರುವುದಿಲ್ಲ ಎಂದೆ. ಇಡೀ ಸಭೆಯೆದುರು ಎದ್ದು ನಿಲ್ಲುವ ಗಂಡಸಿಗೆ ಒಬ್ಬ ಮುದುಕರ ಮುಂದೆ ನಿಂತು ಒಂದು ಪ್ರಶ್ನೆ ಕೇಳಲಾಗಲಿಲ್ಲ. ಹೌದು ಎಂದುಬಿಟ್ಟರೆ ಏನು ಮಾಡುವುದು ಎನ್ನುವುದೇ ಭಯ.

ಅವ್ವನೋ ಬೆಂಚಿನ ಹತ್ತಿರ ಸುಳಿಯಲಿಲ್ಲ. ಪೇಟೆಗೆ ಹೋದ ದಿನ ಬೆಂಚು ಖಾಲಿಯಿದ್ದರೂ ಅದರ ಎದುರು ಬದಿಗೆ ದಾಟಿ, ಟ್ರಾನ್ಸ್‌ಫಾರ್ಮರಿನ ತಲೆಬುರುಡೆಯ ಪಕ್ಕವೇ ನಿಂತು ಉಸಿರು ಬಿಡುತ್ತಿದ್ದಳು. ನಾನು ಗದರಿದೆ. "ಅದು ಗೌಡ್ರ ಸ್ವತ್ತಲ್ಲ, ಸಂಘದ್ದು, ನಿನಗೋಸ್ಕರವೇ ಹಾಕ್ಸಿದ್ದು" ಎಂದೆ. "ಗೊತ್ತು ಕಣಪ್ಪ" ಎಂದಳು. ಮತ್ತೆ ಯಾಕೆ ಕೂರುವುದಿಲ್ಲ ಎಂದರೆ, "ಕೂರ್ಬೇಕು ಅನ್ಕಂಡೇ ಬತ್ತೀನಿ. ಆ ಗೋಡೆ ಹತ್ರ ಬರೋ ಹೊತ್ಗೆ ಕಾಲು ತಾನೇ ಮುಂದಕ್ ಹೋಯ್ತದೆ" ಎಂದಳು. ನೋಯುವ ಕಾಲೂ ಹಾಗೆ ಮುಂದಕ್ಕೆ ಹೋಗುತ್ತದೆ ಎಂದರೆ ಅದಕ್ಕೆ ಎಷ್ಟು ವರ್ಷದ ಪಾಠವಾಗಿರಬೇಕು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟನ್ನೆಲ್ಲ ಗೌಡರ ಪೇಪರಿನ ಮೇಲೆ ಹಾಕಿದೆ. ಅವರು ಹಾಗೆ ಹಾಸದಿದ್ದರೆ ಅವ್ವ ಎಂದೋ ಕೂರುತ್ತಿದ್ದಳು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಬೇಸಿಗೆ ಏರಿತು. ಒಂದು ಸಂಜೆ ಬ್ಯಾಂಕಿನಿಂದ ಬರುವಾಗ ದೂರದಿಂದಲೇ ಕಂಡಿತು: ಬೆಂಚಿನ ಮೇಲೆ ಗೌಡರು, ಸ್ವಲ್ಪ ಆಚೆ ಕಾಂಪೌಂಡಿಗೆ ಕೈಯೂರಿ ಬಗ್ಗಿ ನಿಂತ ಅವ್ವ, ರಸ್ತೆಯ ಮೇಲೆ ಚೆಲ್ಲಿದ ಸೊಪ್ಪು. ಎದುರು ಬದಿಗೆ ದಾಟುವ ಮೊದಲೇ ಮೊಣಕಾಲು ಕೈಕೊಟ್ಟಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗೌಡರು ಎದ್ದು ನಿಂತು, ತಾವು ಕೂತಿದ್ದ ಪೇಪರನ್ನು ಬೆಂಚಿನ ಆ ತುದಿಗೆ ತಳ್ಳಿ, "ಕೂತ್ಕಳಮ್ಮ, ಕೂತ್ಕ ಮೊದ್ಲು" ಎನ್ನುತ್ತಿದ್ದರು. "ಇರ್ಲಿ ಬುಡಿ ಗೌಡ್ರೇ, ಈಗ ಸರಿಹೋಯ್ತದೆ" ಎನ್ನುತ್ತಿದ್ದಳು ಅವ್ವ. ನಾನು ಸ್ಕೂಟರು ನಿಲ್ಲಿಸಿ ಓಡಿದೆ. ಅವ್ವನ ತೋಳು ಹಿಡಿದುಕೊಳ್ಳಬೇಕಾದವನು, ಅಷ್ಟು ದಿನದಿಂದ ಒಳಗೆ ಕುದಿಯುತ್ತಿದ್ದದ್ದನ್ನು ತಡೆಯಲಾರದೆ, "ಮೊದಲು ಆ ಪೇಪರ್ ತೆಗೀರಿ ಗೌಡ್ರೇ. ದಿನಾ ಯಾಕೆ ಪೇಪರ್ ಹಾಸ್ತೀರಿ, ಅದನ್ನ ಹೇಳಿ" ಎಂದುಬಿಟ್ಟೆ.

ಗೌಡರು ನನ್ನನ್ನು ನೋಡಿದರು. ನಾನು ಏನು ಕೇಳುತ್ತಿದ್ದೇನೆ ಎಂದು ಅವರಿಗೆ ಅರ್ಥವಾಯಿತು, ಅದು ಮುಖದಲ್ಲಿ ಕಂಡಿತು. ಅವರು ಸಿಟ್ಟಾಗಲಿಲ್ಲ. "ಕೈ ಇಟ್ ನೋಡಿ" ಎಂದರು. ಇಟ್ಟೆ. ಥಟ್ಟನೆ ಹಿಂದಕ್ಕೆಳೆದುಕೊಂಡೆ. ಮಧ್ಯಾಹ್ನದಿಂದ ಪಶ್ಚಿಮದ ಬಿಸಿಲು ಕುಡಿದ ಕರಿಕಲ್ಲು, ದೋಸೆ ಹುಯ್ದರೆ ಏಳುವ ಹಾಗಿತ್ತು. "ಈ ಕಾವಿಗೆ ಬರೀ ಪಂಚೇಲಿ ಕೂತ್ರೆ ಸುಟ್ಟೋಯ್ತದೆ ಕಣ್ರೀ. ನೀವು ಭಾಳ ಪ್ರೀತಿಯಿಂದ ಹಾಕ್ಸಿದ್ರಿ, ಹೇಳಿದ್ರೆ ಬೇಜಾರ್ ಮಾಡ್ಕತೀರಿ ಅಂತ ಸುಮ್ಕಿದ್ದೆ" ಎಂದರು. ಹಳೇಬೀಡಿನ ಮಂಟಪದಲ್ಲಿ ನಾನು ದಿನಾ ನೋಡುತ್ತಿದ್ದದ್ದು ಕಲ್ಲಿನ ಜಗಲಿಯನ್ನು ಮಾತ್ರ. ಮೇಲೆ ಚಾವಣಿ ಇರುವುದನ್ನು ನೋಡಿರಲೇ ಇಲ್ಲ.

ಕ್ಷಮಿಸಿ ಎನ್ನಲು ಹೊರಟೆ. ಗೌಡರು ಕೈಯೆತ್ತಿ ತಡೆದರು. "ನೀವ್ ಅನ್ಕಂಡಿದ್ದು ಸುಮ್ಸುಮ್ಕೆ ಅಲ್ಲ ಬುಡಿ" ಎಂದರು. "ನಮ್ಮೂರ್ನಾಗೆ ನಮ್ಮಪ್ಪನ ಜಗಲಿ ಮೇಲೆ ನಿಮ್ಮೋರು ಒಬ್ರೂ ಕೂತಿದ್ದು ನಾ ಕಂಡಿಲ್ಲ. ಕೂತ್ಕಳಿ ಅಂತ ನಾನೂ ಒಂದಿನ ಅಂದೋನಲ್ಲ. ನಂಗದು ತೋಚಲೂ ಇಲ್ಲ." ಆಮೇಲೆ ಅವ್ವನ ಕಡೆ ತಿರುಗಿ, "ಈಗ ಅಂತಿದ್ದೀನಿ ಕಣಮ್ಮ. ಕೂತ್ಕಳಿ" ಎಂದರು. ಅಲ್ಲಿಯವರೆಗೆ ಏಕವಚನದಲ್ಲಿ ಕರೆಯುತ್ತಿದ್ದವರು ಹಾಗೆಂದಾಗ ಅವ್ವ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಾನು ಅವಳ ತೋಳು ಹಿಡಿದುಕೊಂಡೆ.

ಅವ್ವ ನನ್ನ ಕೈಬಿಡಿಸಿಕೊಂಡು, ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟು, ಬೆಂಚಿನ ಮೇಲಿದ್ದ ಪೇಪರನ್ನು ಎತ್ತಿಕೊಂಡಳು. ಅದನ್ನು ನೀಟಾಗಿ ಮಡಿಸಿ ಗೌಡರ ಕೈಗೆ ಕೊಟ್ಟು, "ಇದು ನಿಮ್ಗಿರ್ಲಿ, ನಿಮ್ ಪಂಚೆ ತೆಳ್ಳಗೈತೆ" ಎಂದಳು. ಆಮೇಲೆ ಬರಿಯ ಕಲ್ಲಿನ ಮೇಲೆ ಕೂತಳು. ಅಂಚಿನಲ್ಲಲ್ಲ, ಸರಿಯಾಗಿ ಮಧ್ಯದಲ್ಲಿ, ಬೆನ್ನನ್ನು ಗೌಡರ ಕಾಂಪೌಂಡಿಗೆ ಒರಗಿಸಿ. ಕಾಲು ನೀಡಿ, ಮೊಣಕಾಲನ್ನು ಎರಡೂ ಕೈಯಲ್ಲಿ ಒತ್ತಿಕೊಂಡು, "ಕಾವು ಒಳ್ಳೇದೇ ಕಣ್ಲಾ, ಕಾಲಿಗೆ ಶಾಖ ಕೊಟ್ಟಂಗಾಯ್ತದೆ" ಎಂದಳು. ಗೌಡರು ಅವಳ ಒಂದು ಪಕ್ಕಕ್ಕೆ ಪೇಪರು ಹಾಸಿ ಕೂತರು. ನಾನು ಸೊಪ್ಪು ಆಯ್ದು ಚೀಲಕ್ಕೆ ತುಂಬಿದೆ. ದಂಟು, ಹರಿವೆ, ಸಬ್ಬಸಿಗೆ, ಒಂದೊಂದು ಕಂತೆಯನ್ನೂ ಬಿಚ್ಚಿ ನೋಡಿ ತಂದಿದ್ದಳು.

ಚೀಲ ಹಿಡಿದು ಎದ್ದು ನಿಂತೆ. ಇಬ್ಬರೂ ಆಗಲೇ ಸಬ್ಬಸಿಗೆ ಸೊಪ್ಪಿನ ಬಗ್ಗೆ ಮಾತಾಡುತ್ತಿದ್ದರು. ಅವ್ವ ನನ್ನ ಕಡೆ ನೋಡಿ, "ಯಾಕ್ಲಾ ನಿಂತೇ ಇದ್ದೀಯ" ಎಂದಳು. ನಾನು ಯಾಕೆ ನಿಂತಿದ್ದೆನೋ ನನಗೂ ಗೊತ್ತಿರಲಿಲ್ಲ. ಭಾಷಣ ಮಾಡಿದವನು, ಕಲ್ಲು ಆರಿಸಿದವನು, ದಿಕ್ಕು ನೋಡಿದವನು, ಫೋಟೋ ಹಿಡಿದವನು, ದಿನಾ ಒರೆಸಿದವನು, ಒಂದು ದಿನವೂ ಅದರ ಮೇಲೆ ಕೂತಿರಲಿಲ್ಲ. ಕಾಲು ತಾನೇ ಮುಂದಕ್ಕೆ ಹೋಗುತ್ತಿದ್ದದ್ದು ಅವ್ವನದೊಂದೇ ಅಲ್ಲ, ನನ್ನದು ಸ್ಕೂಟರಿನಲ್ಲಿ ಹೋಗುತ್ತಿತ್ತು, ಅಷ್ಟೆ.

ಅವ್ವ ಗೌಡರ ಕಡೆ ತಿರುಗಿದಳು. "ವಸಿ ಜರುಗ್ರೀ ಗೌಡ್ರೇ" ಎಂದಳು, "ನನ್ ಮಗ ಕೂತ್ಕಳ್ಲಿ."

ಗೌಡರು ಪೇಪರಿನ ಸಮೇತ ಜರುಗಿದರು. ಅವರಿಬ್ಬರ ನಡುವೆ ನಾನು ಕೂತೆ. ಬ್ಯಾಂಕಿಗೆ ಹಾಕಿಕೊಂಡು ಹೋಗುವ ತೆಳ್ಳನೆ ಪ್ಯಾಂಟು, ತೊಡೆ ಚುರ್ ಎಂದಿತು, ಕಣ್ಣಿನಲ್ಲಿ ನೀರು ಬಂತು. ಎದುರಿಗೆ ನಾನು ಹೇಳಿ ಮಾಡಿಸಿದ ಸೂರ್ಯಾಸ್ತ ನೇರ ಮುಖಕ್ಕೇ ಹೊಡೆಯುತ್ತಿತ್ತು. ಗೌಡರು ತಮ್ಮ ಪೇಪರಿನಿಂದ ಒಂದು ಹಾಳೆ ಎಳೆದು ನನ್ನ ಕಡೆ ಚಾಚಿದರು. ಬೇಡ ಎಂದು ತಲೆಯಾಡಿಸಿದೆ. ಅವ್ವ ಏಳುವವರೆಗೆ ನಾನು ಏಳುವ ಹಾಗಿರಲಿಲ್ಲ, ಅವಳಿಗೆ ಏಳುವ ಆತುರವೇ ಇರಲಿಲ್ಲ.